ಕುದುರೆಗೆ ನೀರು ಕೊಟ್ಟ ಮನೆ

ನನಗೆ ಕುದುರೆಯೆಂದರೆ ಹೆದರಿಕೆ. ದನದ ಡಾಕ್ಟರಾಗಿ ಮೂವತ್ತು ವರ್ಷ ಸರಕಾರದ ಪಗಾರ ಉಂಡವನು ಹೀಗೆ ಹೇಳಬಾರದು. ಆದರೆ ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಇನ್ನು ಮುಚ್ಚಿಟ್ಟು ಆಗಬೇಕಾದದ್ದೇನಿದೆ? ಎಮ್ಮೆ, ಎತ್ತು, ಆಡು, ಕೋಳಿ, ಒಮ್ಮೆ ಒಬ್ಬ ಭಜನೆಯವರ ಗಿಳಿ, ಎಲ್ಲಕ್ಕೂ ಕೈ ಹಾಕಿದ್ದೇನೆ. ಕುದುರೆಯ ಹಿಂದೆ ಮಾತ್ರ ಎಂದೂ ಧೈರ್ಯವಾಗಿ ನಿಂತವನಲ್ಲ. ಈ ಗುಟ್ಟು ಗೊತ್ತಿದ್ದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ. ಊರಿನ ಕನ್ನಡದವರಿಗೆ ಅವರು ಕುದುರಿ ಕಾಕಾ, ಮರಾಠಿಯವರಿಗೆ ಘೋಡೇವಾಲೇ ಕಾಕಾ. ಮಹಾರಾಷ್ಟ್ರದ ಗಡಿಯ ಕಾಸಾರಶಿರಸಿಯಿಂದ ಒಂದು ಹರದಾರಿ ದೂರದ ಹಳ್ಳಿ. ತೊಗರಿ, ಸೋಯಾ, ಜೋಳ ಬೆಳೆಯುವ ಕಪ್ಪು ಹೊಲ. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು, ಅಂಗಳದಲ್ಲಿ ಮೈನಾ ಎಂಬ ಹೆಣ್ಣು ಕುದುರೆ. ಅವರ ಮಣ್ಣಿಗೆ ಹೋದಾಗ ಅಲ್ಲಿ ಕೂತವರೆಲ್ಲ ಅವರು ಎಂಥ ಸವಾರರಿದ್ದರು ಎಂಬುದನ್ನೇ ಹೇಳುತ್ತಿದ್ದರು. ತುಂಬಿದ ಹಳ್ಳ ದಾಟಿದ್ದು, ರಿಕಾಬಿಗೆ ಕಾಲಿಡದೆ ಜಿಗಿದು ಹತ್ತಿದ್ದು. ನನಗೆ ಗೊತ್ತಿದ್ದ ಮನುಷ್ಯ ಆ ಮಾತುಗಳಲ್ಲಿ ಅರ್ಧವೇ ಇದ್ದರು. ಆದ್ದರಿಂದ ಉಳಿದದ್ದನ್ನು ಬರೆಯಲು ಕೂತಿದ್ದೇನೆ.

ಕಾಸಾರಶಿರಸಿಯ ಪಶು ದವಾಖಾನೆಗೆ ನಾನು ಬಂದ ಹೊಸತು. ಒಂದು ಮಧ್ಯಾಹ್ನ ಬಾಗಿಲ ಮುಂದೆ ಕಂದು ಬಣ್ಣದ ಕುದುರೆಯೊಂದು ಬಂದು ನಿಂತಿತು. ಲಗಾಮು ಹಿಡಿದವರು ಎತ್ತರದ ತೆಳ್ಳನೆಯ ಆಸಾಮಿ, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಕುದುರೆ ಮತ್ತೆ ಮತ್ತೆ ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತಿತ್ತು, ನೆಲ ಕೆರೆಯುತ್ತಿತ್ತು. ಹೊಟ್ಟೆಶೂಲೆ ಎಂದು ನನಗೆ ಬಾಗಿಲಿನಿಂದಲೇ ತಿಳಿಯಿತು. ಆದರೆ ಬಾಗಿಲು ಬಿಟ್ಟು ಹೊರಗೆ ಬರಲು ಕಾಲು ಏಳಲಿಲ್ಲ.

“ಡಾಕ್ಟರ್ ಸಾಬ್, ಕುದುರಿ ಇಲ್ಲಿ ಅದ, ನೀವು ಅಲ್ಲಿದ್ದೀರಿ. ಸೂಜಿ ಏನು ಟಪಾಲಿನ್ಯಾಗ ಕಳಸ್ತೀರೇನು?” ಎಂದರು.

ಕಂಪೌಂಡರ್ ನಕ್ಕ. ನಾನು ಮರ್ಯಾದೆ ಉಳಿಸಿಕೊಳ್ಳಲು ಸಿರಿಂಜು ಹಿಡಿದು ಹೊರಟೆ, ಅದೂ ಹಿಂದಿನಿಂದ. ಅವರು ಕೈ ಅಡ್ಡ ಹಿಡಿದರು. “ಹಿಂದಿಂದ ಬರಬ್ಯಾಡ್ರಿ. ಮುಂದ ಬಂದು ನಿಮ್ಮ ಹೆಸರ ಹೇಳ್ರಿ. ಹೆಸರ ಹೇಳಲಾರದವರಿಗಿ ಆಕಿ ಒದೀತಾಳ.” ನಾನು ಮುಂದೆ ನಿಂತು ಹೆಸರು, ಹುದ್ದೆ, ಬೀದರ ಕಡೆಯ ನನ್ನ ಊರು, ಎಲ್ಲವನ್ನೂ ಕುದುರೆಗೆ ಹೇಳಿದೆ. ಮೈನಾ ಕಿವಿ ನೆಟ್ಟಗೆ ಮಾಡಿ ಕೇಳಿದಳು, ಆಮೇಲೆ ಸೂಜಿ ಚುಚ್ಚಿಸಿಕೊಂಡಳು. ಶೂಲೆ ಇಳಿಯುವತನಕ ಕುದುರೆಯನ್ನು ನಡೆಸುತ್ತಿರಬೇಕು. ಎರಡು ತಾಸು ಅವರು ದವಾಖಾನೆಯ ಆವರಣದಲ್ಲಿ ಅದನ್ನು ಸುತ್ತಿಸಿದರು, ನಾನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅಷ್ಟು ಹೊತ್ತಿನಲ್ಲಿ ಕುದುರೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ದೊಡ್ಡವಳಿಗೆ ಲೆಕ್ಕ ಬರುತ್ತದೆ, ನಡುವಿನವಳಿಗೆ ಬರೀ ನಗು, ಸಣ್ಣವಳು ಮಾತು ಕಡಿಮೆ ಆಡುತ್ತಾಳೆ ಆದರೆ ಆಡಿದ್ದು ಸುಳ್ಳಾಗುವುದಿಲ್ಲ, ಹೆಂಡತಿ ಮಾಡಿದಂಥ ಪುಂಡಿಪಲ್ಯ ಈ ಸೀಮೆಯಲ್ಲೇ ಇಲ್ಲ. ಬರೀ ಇದೇ. ಕೊನೆಗೆ ಶೂಲೆ ಇಳಿದು ಮೈನಾ ಲದ್ದಿ ಹಾಕಿದಾಗ ಅವರು ರುಮಾಲಿನಿಂದ ಕಣ್ಣೊರೆಸಿಕೊಂಡು, “ಮನ್ಯಾಗ ಲಗ್ನ ಆದಷ್ಟ ಖುಷಿ ಆತ್ರೀ” ಎಂದರು. ಅಂದಿನಿಂದ ನಾನು ಆ ಮನೆಯವನಾದೆ. ಮಕ್ಕಳು ನನ್ನನ್ನು ಡಾಕ್ಟರ್ ಮಾಮಾ ಎಂದು ಕರೆಯತೊಡಗಿದರು.

ಆ ಮನೆಯ ಬೆಳಗನ್ನು ನೋಡಬೇಕಿತ್ತು. ಕಾಕಾ ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅಂಗಳದಲ್ಲಿ ನಾಲ್ವರು ಸಾಲಾಗಿ ಕಾಯುತ್ತಿದ್ದರು. ಮೂವರು ಮಕ್ಕಳು, ನಾಲ್ಕನೆಯವಳು ಮೈನಾ. ಕಾಕೂಗೆ, ಅಂದರೆ ಅವರ ಹೆಂಡತಿಗೆ, ಹರೆಯದಲ್ಲೇ ಸಂಧಿವಾತ ಹಿಡಿದು ಬೆರಳುಗಳು ಸೊಟ್ಟಗಾಗಿದ್ದವು. ಹೀಗಾಗಿ ಕುದುರೆಯ ಜೂಲು ಬಾಚುವ ಕೈಯೇ ಮಕ್ಕಳ ಜಡೆಯನ್ನೂ ಹೆಣೆಯುತ್ತಿತ್ತು. ಎಣ್ಣೆ ಹಚ್ಚಿ, ನಡುಬೈತಲೆ ತೆಗೆದು, ರಿಬ್ಬನ್ನು ಕಟ್ಟಿ ಶಾಲೆಗೆ ಕಳಿಸುತ್ತಿದ್ದರು. ಕಟ್ಟೆಯ ಮೇಲೆ ಕೂತವರು ಅವರನ್ನು ಬಿಡುತ್ತಾರೆಯೇ? “ಏನ್ ಕಾಕಾ, ಹೆಣಮಕ್ಕಳ ಕೆಲಸ ಹಚ್ಚಿಕೊಂಡೀರಿ!” ಎನ್ನುತ್ತಿದ್ದರು. “ಜಡಿ ಹಾಕಲಿಕ್ಕ ಬೆರಳ ಬೇಕಪಾ. ನಿಮ್ಮ ಬೆರಳ ತಂಬಾಕ ತಿಕ್ಕಲಿಕ್ಕೇ ಸಾಲವಲ್ವು” ಎಂದು ಇವರು ತಲೆ ಎತ್ತದೆ ಉತ್ತರ ಕೊಡುತ್ತಿದ್ದರು.

ಕಾಕೂ ಮೈನಾಳನ್ನು ಸವತಿ ಎಂದೇ ಕರೆಯುತ್ತಿದ್ದರು. ಒಂದು ದಿನವೂ ಅದರ ಮೈ ಮುಟ್ಟಿದವರಲ್ಲ. “ನನಗ ತವರಿಂದ ಸೀರಿ ತಂದಾಗ ಇಷ್ಟು ನೋಡಲಿಲ್ಲ, ಈ ಸವತಿಗಿ ಹೊಸಾ ಜೀನು ತಂದಾಗ ತಾಸಗಟ್ಲೆ ನೋಡ್ಯಾರ” ಎಂದು ನನ್ನೆದುರು ದೂರುತ್ತಿದ್ದರು. ಆದರೆ ದಿನಾ ಮಧ್ಯಾಹ್ನ ಗಂಡ ಮಲಗಿದ ಮೇಲೆ ಸೆರಗಿನಲ್ಲಿ ಬೆಲ್ಲ ಮುಚ್ಚಿಕೊಂಡು ಹೋಗಿ, ಕಲ್ಲಿನ ಮೇಲಿಟ್ಟು, ಸರಕ್ಕನೆ ಹಿಂದೆ ಸರಿದು ನಿಲ್ಲುತ್ತಿದ್ದುದನ್ನು ನಾನು ಎರಡು ಸಲ ನೋಡಿದ್ದೇನೆ. ಕಾಕಾನಿಗೂ ಗೊತ್ತಿತ್ತು. ಮಲಗಿದಂತೆ ನಟಿಸುತ್ತಿದ್ದರು ಅಷ್ಟೇ.

ಮದುವೆ ಮೆರವಣಿಗೆಗೆ ಮೈನಾಳನ್ನು ಕೇಳಿ ಬರುವವರು ಬಹಳ. ಬಾಜಾ ದೊಡ್ಡದಿದ್ದರೆ ಕೊಡುತ್ತಿರಲಿಲ್ಲ. ಒಮ್ಮೆ ಒಬ್ಬ ಪುಢಾರಿಯ ಮಗನ ಲಗ್ನಕ್ಕೆ ಜೀಪಿನಲ್ಲಿ ಬಂದು ಕೇಳಿದರು. ಸೌಂಡು ಎಷ್ಟು ಪೆಟ್ಟಿಗೆ ಎಂದು ಕಾಕಾ ವಿಚಾರಿಸಿದರು. ಹನ್ನೆರಡು ಎಂದರು. “ಹಂಗಾರ ನಿಮ್ಮ ನೌರದೇವಗ ಪೆಟ್ಟಿಗಿ ಮ್ಯಾಲೇ ಕೂಡಸ್ರಿ” ಎಂದು ಮದುಮಗನಿಗೆ ಜಾಗ ತೋರಿಸಿ ಒಳಗೆ ಹೋದರು. ಜೀಪಿನವರು ಸಿಟ್ಟಾದರು, ಊರು ನಕ್ಕಿತು.

ಇನ್ನು ಮಕ್ಕಳ ಮದುವೆಗೆ ಬರುತ್ತೇನೆ. ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ಸೀಮೆಯಲ್ಲಿ ಎಲ್ಲರ ಮನೆಯ ಪದ್ಧತಿ. ಅಣ್ಣನೋ ತಮ್ಮನೋ ಬಸ್ಸಿನಲ್ಲಿ ಹೋಗಿ ಕರೆತರುತ್ತಾನೆ. ಇವರಿಗೆ ಗಂಡುಮಕ್ಕಳಿಲ್ಲ, ಬಸ್ಸಿನ ಮೇಲೆ ನಂಬಿಕೆಯೂ ಇಲ್ಲ. ತಾವೇ ಹೋಗಬೇಕು, ಮೈನಾಳ ಮೇಲೇ ಹೋಗಬೇಕು. ಹೀಗಾಗಿ ವರ ಹುಡುಕುವಾಗ ಮೊದಲ ಕಟ್ಟಳೆ ದೂರದ್ದು. ಮೂಡಣ ಕೆಂಪಾದಾಗ ಹೊರಟರೆ ಹೊತ್ತು ಮುಳುಗುವುದರೊಳಗೆ ಮಗಳ ಅಂಗಳದಲ್ಲಿ ಇಳಿಯಬೇಕು. ಪುಣೆಯ ಒಳ್ಳೆಯ ಸಂಬಂಧವನ್ನು ಇದಕ್ಕಾಗಿಯೇ ಬಿಟ್ಟರು. ಬಸ್ಸಿದೆ, ರೈಲಿದೆ ಎಂದು ನಾನು ಬುದ್ಧಿ ಹೇಳಿದೆ. “ಬಸ್ಸು ತಪ್ಪತದ, ರೈಲು ತಡಾ ಮಾಡ್ತದ. ಮಗಳು ಅಳಲಿಕತ್ತಾಳ ಅಂದ್ರ ನಾ ಸ್ಟ್ಯಾಂಡಿನ್ಯಾಗ ಕೂತು ಕಡ್ಲಿ ತಿನ್ನಬೇಕೇನು?” ಎಂದರು.

ಎರಡನೆಯ ಕಟ್ಟಳೆ ಇನ್ನೂ ವಿಚಿತ್ರ. ವರನ ಮನೆಗೆ ಮೊದಲೇ ಹೇಳಿ ಕಳಿಸದೆ, ದಾರಿಹೋಕರ ಹಾಗೆ ಒಬ್ಬರೇ ಹೋಗುತ್ತಿದ್ದರು. ಕುದುರೆಯನ್ನು ಬಾಗಿಲ ಮುಂದೆ ಕಟ್ಟಿ ಒಳಗೆ ಕೂಡುತ್ತಿದ್ದರು. ಹೊಲ ಎಷ್ಟು, ಅಂಗಡಿ ಎಷ್ಟು ಎಂದು ಕೇಳುತ್ತಿರಲಿಲ್ಲ. ಕಿಟಕಿಯಿಂದ ಒಂದೇ ಒಂದನ್ನು ನೋಡುತ್ತಿದ್ದರು. ತಮಗೆ ಚಹಾ ಬರುವ ಮೊದಲು ಕುದುರೆಗೆ ನೀರು ಬಂತೇ? ಹಳೇ ಕಾಲದ ಮನೆಗಳಲ್ಲಿ ಬಂದವರ ಕಾಲಿಗೆ ನೀರು ಕೊಡುವ ಮುಂಚೆ ಅವರನ್ನು ಹೊತ್ತು ತಂದ ಪ್ರಾಣಿಗೆ ನೀರಿಡುತ್ತಿದ್ದರಂತೆ. “ಕೇಳಲಾರದ ಜೀವಕ್ಕ ಕೇಳದೆ ನೀರ ಕೊಟ್ಟ ಮನಿ ನನ್ನ ಮಗಳಿಗಿ ತ್ರಾಸ ಕೊಡಂಗಿಲ್ಲ” ಎಂಬುದು ಅವರ ಸಿದ್ಧಾಂತ. ಉಮರ್ಗಾದಲ್ಲಿ ವರನ ತಾಯಿ ತಾವೇ ಕೊಡ ಹೊತ್ತು ತಂದರು. ದೊಡ್ಡವಳನ್ನು ಅಲ್ಲಿ ಕೊಟ್ಟರು. ನಿಲಂಗಾದಲ್ಲಿ ವರನೇ ಇಸ್ತ್ರಿಯ ಅಂಗಿ ತೋಯಿಸಿಕೊಂಡು ಬಕೆಟ್ಟು ಹಿಡಿದು ನಿಂತ. ನಡುವಿನವಳನ್ನು ಅಲ್ಲಿ ಕೊಟ್ಟರು. ಎರಡೂ ಮನೆ ಚಿನ್ನದಂಥವು. ಇವತ್ತಿಗೂ ಹಾಗೇ ಇವೆ.

ಸಣ್ಣವಳಿಗೆ ಉದಗೀರದ ಸಂಬಂಧ ಬಂತು. ಧಾನ್ಯದ ಪೇಟೆ ಮೊಂಢಾದಲ್ಲಿ ದಲಾಲಿಯ ಅಡತ ಅಂಗಡಿ, ಅದರ ಹಿಂದೆಯೇ ಮನೆ. ಮೈನಾ ಒಂದು ದಿನಕ್ಕೆ ಮುಟ್ಟಬಹುದಾದ ಕಟ್ಟಕಡೆಯ ಊರು ಅದು. ದೇವಣಿಯಲ್ಲಿ ನೆರಳಿಗೆ ಒಂದು ತಾಸು ನಿಂತರೂ ಸಂಜೆಗೆ ತಲುಪಬಹುದಿತ್ತು. ಕಾಕಾ ಹೋಗಿ ಬಂದು, ಜೀನು ಇಳಿಸುವ ಮೊದಲೇ ನನ್ನ ದವಾಖಾನೆಗೆ ಬಂದರು. ಮುಖ ಅರಳಿತ್ತು. “ಡಾಕ್ಟರ್ ಸಾಬ್, ಪ್ಯಾಟಿಯವರು ಹಿಂಗ ಇರ್ತಾರಂತ ಗೊತ್ತಿದ್ದಿಲ್ಲ! ನಾ ಕೂತು ಎರಡ ನಿಮಿಷ ಆಗಿಲ್ಲ, ಒಬ್ಬಂವ ಓಡಿಕೋತ ಬಂದು ನೀರಿಟ್ಟ. ನೀರಷ್ಟೇ ಅಲ್ರೀ, ಕಡ್ಲಿ ಹೊಟ್ಟು ತಂದ. ಮೈನಾನ ಕುತ್ತಿಗಿ ತಿಕ್ಕಿದ. ಆಕಿ ಕಣ್ಣ ಮುಚ್ಚಿ ನಿಂತಿದ್ಲು.” ಅಲ್ಲೇ ಮಾತು ಕೊಟ್ಟು ಬಂದಿದ್ದರು. ಈ ಕತೆಯನ್ನು ನಾನು ಚಹಾದ ಅಂಗಡಿಯಲ್ಲಿ, ಲಸಿಕೆಯ ಕ್ಯಾಂಪಿನಲ್ಲಿ, ಸಾಹೇಬರ ಮುಂದೆ, ಹತ್ತು ಜನಕ್ಕೆ ರಂಗಾಗಿ ಹೇಳಿದ್ದೇನೆ. ಎಂಥ ಜಾಣ ತಂದೆ ನೋಡಿ ಎಂದು.

ಮೊದಲ ಪಂಚಮಿಗೆ ಸಣ್ಣವಳನ್ನು ಕರೆತಂದರು. ಬರುವ ದಾರಿಗೆ ಮೂರು ದಿನ. ಹೋಗುವಾಗ ಒಬ್ಬರೇ ಆದ್ದರಿಂದ ಒಂದು ದಿನ ಸಾಕು, ಬರುವಾಗ ನಡಿಗೆಯ ವೇಗ. ಮೊದಲ ರಾತ್ರಿ ದೇವಣಿಯಲ್ಲಿ ಪರಿಚಯದವರ ಮನೆ, ಎರಡನೆಯದು ನಿಲಂಗಾದ ಮಗಳ ಮನೆ. ಹರದಾರಿಗೊಮ್ಮೆ ಸರದಿ ಬದಲು: ಒಂದು ಹರದಾರಿ ಮಗಳು ಕುದುರೆಯ ಮೇಲೆ, ತಂದೆ ಲಗಾಮು ಹಿಡಿದು ನಡೆಯುವುದು, ಮುಂದಿನದಕ್ಕೆ ತಂದೆ ಮೇಲೆ, ಮಗಳು ಕೆಳಗೆ. ದಾರಿಯ ಊರುಗಳಿಗೆಲ್ಲ ಇದು ಪಂಚಮಿಯ ಗುರುತೇ ಆಗಿತ್ತು. ಹಬ್ಬದ ದಿನ ನಾನೂ ಉಂಡೆ ತಿನ್ನಲು ಹೋಗಿದ್ದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅಕ್ಕಂದಿರಿಬ್ಬರೂ ಜೀಕುತ್ತಿದ್ದರು. ಸಣ್ಣವಳು ಮಾತ್ರ ತಂದೆಯ ಹತ್ತಿರ ಕಟ್ಟೆಯ ಮೇಲೆ ಕೂತಿದ್ದಳು. ಮೆಲ್ಲಗೆ ಅಂದಳು:

“ಅಪ್ಪಾ, ಆ ಮನಿ ಚಲೋ ಇಲ್ಲ. ಅಲ್ಲಿ ಹಸಿವಾದ್ರ ಕೇಳಬೇಕಾಗ್ತದ. ಕೇಳಿದ್ರ ನಗ್ತಾರ.”

ಕಾಕಾ ಅವಳ ತಲೆ ಸವರಿದರು. “ಹೊಸದರಾಗ ಹಂಗೇ ಅನಸ್ತದವ್ವಾ. ಕುದುರಿಗಿ ನೀರ ಕೊಟ್ಟ ಮನಿ ಅದು. ನಿನಗ ಅನ್ನ ಕೊಡಲಾರದ ಇರ್ತಾರೇನು? ಸ್ವಲ್ಪ ತಾಳು.”

ಅವಳು ನನ್ನ ಕಡೆ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ. ಮಾತು ಕಡಿಮೆ ಆಡುವ ಹುಡುಗಿ, ಮತ್ತೆ ಬಾಯಿ ತೆರೆಯಲಿಲ್ಲ. ಹಬ್ಬ ಮುಗಿದ ಮೇಲೆ ತಂದೆಯೇ ಕುದುರೆಯ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟು ಬಂದರು. ಇವತ್ತು ನೆನೆದರೆ ನನ್ನ ಆ ತಲೆಯಾಡಿಸಿದ್ದಕ್ಕೆ ನನಗೇ ನಾಚಿಕೆಯಾಗುತ್ತದೆ.

ಮರುವರ್ಷ ಕಾಕಾ ಉದಗೀರಕ್ಕೆ ಹೋದಾಗ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು, ಒಂದು ಅಕ್ಷರ ಬಿಡದೆ ಹೇಳಿದರು. ಆ ಸಲ ಹೊತ್ತು ಮುಳುಗಿದ ಮೇಲೆ ತಲುಪಿ, ಮೊಂಢಾದ ಹತ್ತಿರದ ಮಠದಲ್ಲಿ ಮಲಗಿ, ಬೆಳಿಗ್ಗೆ ಬೀಗರ ಮನೆಗೆ ಹೋದರು. ಬೀಗಿತಿ ಹೊಸಲಲ್ಲೇ ನಿಂತು, “ಈ ವರ್ಷ ಕಳಸಂಗಿಲ್ಲ. ಮನ್ಯಾಗ ಕೆಲಸ ಅವ” ಎಂದರು. ಮಗಳನ್ನಾದರೂ ಕರೆಯಿರಿ ಎಂದರೆ ಒಳಗೆ ಹೋದವರು ಹೊರಗೆ ಬರಲಿಲ್ಲ. ಇವರು ಜಗಲಿಯ ಮೇಲೆ ಕೂತರು. ಮೈನಾ ಬಿಸಿಲಲ್ಲಿ. ಎರಡು ತಾಸಾದರೂ ನೀರಿಲ್ಲ. ಕಾಕಾನಿಗೆ ಮೊದಲು ಮಗಳ ಚಿಂತೆಯಲ್ಲ, ಗೊಂದಲ. ಇದು ಅದೇ ಮನೆ ತಾನೇ?

ಆಗ ಹಿಂದೆ ಬಂದಾಗಲೆಲ್ಲ ನೀರಿಟ್ಟಿದ್ದ ಅದೇ ಮನುಷ್ಯ ಬಕೆಟ್ಟು ಹಿಡಿದು ಓಡಿ ಬಂದ. ಕಾಕಾನಿಗೆ ಹೋದ ಜೀವ ಬಂದಂತಾಯಿತು. “ಅಯ್ಯ, ನೀವ ಒಳಗಿದ್ದಿಲ್ಲೇನು? ನಿಮ್ಮ ಮನಿಯವರಿಗಿ ಸ್ವಲ್ಪ ಹೇಳ್ರಿ” ಎಂದರು.

ಆತ ಬಕೆಟ್ಟು ಕೆಳಗಿಟ್ಟ. “ನಾ ಈ ಮನಿಯಂವ ಅಲ್ರೀ ಸಾಬ್. ಎದುರಿನ ದುಕಾನಿನ ಹಮಾಲ ಇದ್ದೀನಿ. ಪೈಲೇ ಟಾಂಗಾ ಹೊಡೀತಿದ್ದೆ. ಆಟೋ ಬಂದ್ವು, ನನ್ನ ಕುದುರಿ ಹೋತು. ಎಲ್ಲೇ ಕುದುರಿ ನಿಂತದ್ದು ಕಂಡ್ರ ಕೈ ಸುಮ್ಮ ಇರಂಗಿಲ್ಲ.”

“ಮೊದಲ್ನೇ ಸಲಾನೂ?”

“ಮೊದಲ್ನೇ ಸಲಾನೂ ನಾನೇ ಸಾಬ್. ಈ ಮನಿಯವರು ಹೊರಗ ಹಣಿಕೀನೂ ಹಾಕಿದ್ದಿಲ್ಲ.”

ತಾನು ಯಾವುದನ್ನು ನಂಬಿ ಮಗಳನ್ನು ಕೊಟ್ಟೆನೋ ಅದು ಆ ಮನೆಯದೇ ಅಲ್ಲ. ಮಗಳು ಬಾಯಿಬಿಟ್ಟು ಹೇಳಿದಾಗಲೂ ಅದನ್ನೇ ನಂಬಿ ತಿರುಗಿ ಕಳಿಸಿದೆ. ಕಾಕಾ ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರಂತೆ. ಹಮಾಲ ಗಾಬರಿಯಾಗಿ, ನನ್ನಿಂದ ತಪ್ಪಾಯಿತೇ ಎಂದು ಕೈಮುಗಿದ. “ನೀರ ಕೊಟ್ಟಂವಂದು ತಪ್ಪೆಲ್ಲಿ ಬರ್ತದಪಾ? ನೋಡಿದಂವಂದು ತಪ್ಪು” ಎಂದು ಹೇಳಿ, ಎದ್ದು, ಯಾರನ್ನೂ ಕೇಳದೆ ಓಣಿಯ ಕಡೆಯಿಂದ ಹಿತ್ತಲಿಗೆ ಹೋದರು.

ಮಗಳು ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮದುವೆಯಲ್ಲಿ ಮುಂಗೈಗೆ ಬಿಗಿಯಾಗಿದ್ದ ಬಳೆಗಳು ಈಗ ಮೊಣಕೈತನಕ ಜಾರುತ್ತಿದ್ದವು. ಮಣಿಕಟ್ಟಿನ ಹತ್ತಿರ ಸುಟ್ಟ ಕಲೆ. ಒಲೆಯ ಕೆಲಸದಲ್ಲಿ ಆದದ್ದಲ್ಲ ಎಂದು ಅವರಿಗೆ ನೋಡಿದೊಡನೆ ತಿಳಿಯಿತು. “ನಡಿ ಅವ್ವಾ” ಎಂದರು. ಅವಳು ಕೈ ತೊಳೆದು ಎದ್ದಳು. ಒಂದು ಗಂಟೂ ಕಟ್ಟಲಿಲ್ಲ. ಅಷ್ಟರಲ್ಲಿ ಅಳಿಯ ಅಂಗಡಿಯಿಂದ ಬಂದು, “ಇವತ್ತ ಹೋದ್ರ ತಿರುಗಿ ಬರೂದು ಬ್ಯಾಡ” ಎಂದು ಕೂಗಿದ. “ಅದನ್ನೇ ಹೇಳಬೇಕಂತ ಮಾಡಿದ್ದೆ. ನೀವೇ ಹೇಳಿದ್ರಿ, ಚಲೋ ಆತು” ಎಂದರು ಕಾಕಾ. ಮಗಳನ್ನು ಮೈನಾಳ ಮೇಲೆ ಕೂರಿಸಿ ಮೊಂಢಾದ ನಡುವಿನಿಂದಲೇ ಹೊರಟರು.

ಗಂಡನ ಮನೆ ಬಿಟ್ಟ ಮಗಳನ್ನು ನಮ್ಮಲ್ಲಿ ಹಾಗೆ ಕರೆತರುವುದಿಲ್ಲ. ಕತ್ತಲಾದ ಮೇಲೆ ಇಳಿಸುತ್ತಾರೆ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಾರೆ, ಆರು ತಿಂಗಳು ಹೊರಗೆ ತೋರಿಸುವುದಿಲ್ಲ. ಇವರು ಮೂರು ದಿನದ ಹಗಲು ದಾರಿಯನ್ನು ಹಿಡಿದರು. ದೊಡ್ಡ ಸಾಹಸ ಎಂದು ನನಗೆ ಆಗ ಅನಿಸಲಿಲ್ಲ, ಹುಚ್ಚು ಅನಿಸಿತು. ಮೂರನೆಯ ದಿನ ಬೆಳಿಗ್ಗೆ ನಿಲಂಗಾದ ಮಗಳು ನನಗೆ ಫೋನು ಮಾಡಿದಳು.

“ಡಾಕ್ಟರ್ ಮಾಮಾ, ಅಪ್ಪ ಈಗ ಇಲ್ಲಿಂದ ಹೊಂಟ. ಕಾಲು ಬಾತಾವ, ಹಿಮ್ಮಡ ಒಡದು ರಕ್ತ ಬರ್ಲಿಕತ್ತದ. ಉದಗೀರದಿಂದ ಒಂದು ಸರದಿನೂ ತಾ ಕುದುರಿ ಹತ್ತಿಲ್ಲಂತ. ಜೀಪ್ ಮಾಡ್ತೀನಿ ಅಂದ್ರ ಒಲ್ಲೆ ಅಂದ. ತಂಗಿ ಮೂರು ದಿನ ಆತು, ಒಂದು ಮಾತ ಆಡಿಲ್ಲ. ನೀವಾದ್ರೂ ಹೋಗ್ರಿ.”

ನಾನು ಮೋಟಾರ್ ಸೈಕಲ್ಲಿನಲ್ಲಿ ಎದುರು ಹೋದೆ. ಮಳೆ ನಿಂತು ಸೋಯಾ ಹೊಲಗಳು ಹಸಿರಾಗಿದ್ದವು, ರಸ್ತೆಯ ಅಂಚೆಲ್ಲ ಕೆಸರು. ನಿಲಂಗಾದಿಂದ ನಾಲ್ಕು ಹರದಾರಿ ಈಚೆ ಅವರು ಸಿಕ್ಕರು. ಮಗಳು ಕುದುರೆಯ ಮೇಲೆ, ತಲೆಯ ಮೇಲೆ ಸೆರಗು, ನೋಟ ಎಲ್ಲೋ ಮುಂದೆ. ಕಾಕಾ ಲಗಾಮು ಹಿಡಿದು ಕುಂಟುತ್ತಿದ್ದರು. ಮೂರೇ ದಿನದಲ್ಲಿ ಅವರು ಮುದುಕರಾಗಿದ್ದರು. ನಾನು ಬಯ್ದು ಒಂದು ಕಲ್ಲಿನ ಮೇಲೆ ಕೂರಿಸಿದೆ. ನನ್ನ ಚೀಲದಲ್ಲಿದ್ದದ್ದು ಎತ್ತಿನ ಹೆಗಲಿಗೆ ಹಚ್ಚುವ ಮುಲಾಮು. ಅದನ್ನೇ ಹಚ್ಚಿ ಬಟ್ಟೆ ಕಟ್ಟಿದೆ. “ಈಗ ಖರೇ ದನಾ ಆದೆ ನೋಡ್ರಿ” ಎಂದು ನಗಲು ನೋಡಿದರು, ಆಗಲಿಲ್ಲ. ಎದ್ದು ಮತ್ತೆ ಲಗಾಮು ಹಿಡಿದರು. ನಾನು ಗಾಡಿಯನ್ನು ಒಂದು ಹೋಟೆಲಿನ ಹತ್ತಿರ ನಿಲ್ಲಿಸಿ ಜೊತೆಗೆ ನಡೆದೆ.

ದಾರಿಯಲ್ಲಿ ಸಿಕ್ಕವರೆಲ್ಲ ಪ್ರತಿ ವರ್ಷದ ಹಾಗೆ ಕೇಳುತ್ತಿದ್ದರು, “ಏನ್ ಕಾಕಾ, ಪಂಚಮಿಗಿ ಮಗಳಿಗಿ ಕರಕೊಂಡು ಹೊಂಟೀರೇನು?” ಕಾಕಾ ಪ್ರತಿಯೊಬ್ಬರ ಮುಂದೆಯೂ ನಿಲ್ಲುತ್ತಿದ್ದರು. “ಇಲ್ಲಪಾ. ತಿರುಗಿ ಕಳಸಂಗಿಲ್ಲ. ನೋಡದೆ ಕೊಟ್ಟೆ. ತಪ್ಪು ನಂದದ, ನನ್ನ ಮಗಳದ್ದಲ್ಲ.” ಕುರಿ ಕಾಯುವವನಿಗೆ, ಹಾಲಿನ ಗಾಡಿಯವನಿಗೆ, ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೆ, ಎಲ್ಲರಿಗೂ ಇದೇ ಮಾತು, ಮರಾಠಿಯವರಿಗೆ ಮರಾಠಿಯಲ್ಲಿ. ಉದಗೀರದಿಂದ ಹೀಗೇ ಹೇಳುತ್ತ ಬಂದಿದ್ದರು. ಊರು ಸೇರುವಷ್ಟರಲ್ಲಿ ಮಗಳ ಮೇಲೆ ಯಾರೂ ಒಂದು ಸೊಲ್ಲು ಎತ್ತಬಾರದು ಎಂಬುದು ಅವರ ಲೆಕ್ಕ. ಇಂಥ ತಂದೆಯನ್ನು ನಾನು ನೋಡಿಲ್ಲ ಎಂದುಕೊಂಡೆ. ಮಗಳ ಮುಖವನ್ನು ಮಾತ್ರ ನಾನು ಸರಿಯಾಗಿ ನೋಡಿರಲಿಲ್ಲ.

ಊರು ಅರ್ಧ ಹರದಾರಿ ಇರುವಾಗ ಸೈಕಲ್ಲಿನ ಒಬ್ಬ ಕಾಯಿಪಲ್ಯದವನು ಸಿಕ್ಕ. ಅವನೂ ಕೇಳಿದ. ಕಾಕಾ ನಿಂತು, “ಇಲ್ಲಪಾ, ತಪ್ಪು ನಂದದ” ಎಂದು ಶುರು ಮಾಡುತ್ತಿದ್ದಂತೆ ಕುದುರೆಯ ಮೇಲಿನಿಂದ ಧ್ವನಿ ಬಂತು.

“ಅಪ್ಪಾ, ಸಾಕ ಮಾಡು.”

ಕಾಯಿಪಲ್ಯದವನು ಪೆಡಲು ತುಳಿದು ಹೋಗಿಬಿಟ್ಟ.

“ಉದಗೀರದಿಂದ ಹಾದ್ಯಾಗ ಸಿಕ್ಕವರಿಗೆಲ್ಲ ಹೇಳಕೋತ ಬಂದಿ. ಕುರಿಯವರಿಗಿ ಹೇಳ್ದಿ, ಹಾಲಿನವರಿಗಿ ಹೇಳ್ದಿ. ನನಗ ಒಂದ ಸಲಾನೂ ಹೇಳಲಿಲ್ಲ.”

ನಾನು ಅಲ್ಲಿರಬಾರದಿತ್ತು ಅನಿಸಿ ರಸ್ತೆಯ ಆಚೆ ಸರಿದೆ, ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಕಾಕಾ ಮಗಳ ಪಾದದ ಹತ್ತಿರ ಬಂದು, ರಿಕಾಬಿನ ಮೇಲೆ ಕೈಯಿಟ್ಟು, ತಲೆ ಎತ್ತಿ ಅವಳ ಮುಖ ನೋಡಿದರು.

“ನೀ ನನಗ ಹೇಳಿದ್ದಿ, ಅವ್ವಾ. ಬಾಯಿ ಬಿಟ್ಟು ಹೇಳಿದ್ದಿ. ಬಾಯಿಲ್ಲದ ಕುದುರಿ ಮ್ಯಾಲ ಭರೋಸ ಇಟ್ಟು, ನಿನ್ನ ಮಾತ ನಾ ಕೇಳಲಿಲ್ಲ. ನಾನೇ ಒಯ್ದು ಬಿಟ್ಟು ಬಂದೆ. ತಪ್ಪಾತು.”

ಅವಳು ಅತ್ತಳು. ಮೂ‍ರು ದಿನದ್ದಲ್ಲ, ಎರಡು ವರ್ಷದ್ದು. ಕಾಕಾನೂ ಅತ್ತರು. ನಾನು ಕನ್ನಡಕ ತೆಗೆದು ಒರೆಸುತ್ತ ಒಂದು ಸೋಯಾ ಗಿಡಕ್ಕೆ ರೋಗ ಬಿದ್ದಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಂಚರು ಬಂದರು, ವಕೀಲರು ಬಂದರು, ಬೀಗರು ಎರಡು ಸಲ ಬಂದು ರಾಜಿಯ ಮಾತಾಡಿದರು. ಕಾಕಾ ಪ್ರತಿ ಸಲವೂ ಸಣ್ಣ ಮಗಳನ್ನು ಕರೆದು, “ನೀ ಏನಂತಿ?” ಎಂದು ಕೇಳಿ, ಅವಳು ಹೇಳಿದ್ದನ್ನೇ ತಮ್ಮ ಉತ್ತರವೆಂದು ಹೇಳುತ್ತಿದ್ದರು. ಅವಳು ಹೋಗಲಿಲ್ಲ. ಮುಂದೆ ಕಾಲೇಜು ಸೇರಿದಳು. ಈಗ ಉಮರ್ಗಾದಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ತನಗೆ ಬೇಕಾದವನನ್ನು ತಾನೇ ನೋಡಿ ಮದುವೆಯಾಗಿದ್ದಾಳೆ. ಆ ಹುಡುಗನನ್ನು ಒಮ್ಮೆ ನೋಡಿ ಬನ್ನಿ ಎಂದು ನಾನು ಕಾಕಾನಿಗೆ ಹೇಳಿದ್ದೆ. “ಆಕಿ ನೋಡ್ಯಾಳಲ್ರೀ” ಎಂದರು. ಹೆಣ್ಣುಮಕ್ಕಳ ಮಾತನ್ನು ಅರ್ಧಕ್ಕೆ ತಡೆದು ಬುದ್ಧಿ ಹೇಳುವ ಚಟ ನನಗೂ ಇತ್ತು. ಆ ರಸ್ತೆಯ ಮೇಲೆ ಬಿಟ್ಟೆ ಎಂದುಕೊಂಡಿದ್ದೇನೆ. ಪೂರ್ತಿ ಬಿಟ್ಟಿಲ್ಲ ಎಂದು ಹೆಂಡತಿ ಅನ್ನುತ್ತಾಳೆ.

ಆ ದಿನ ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು ಮೈನಾಳ ಮೇಲಿಂದ ಇಳಿದಳು. ತಂದೆಯ ಕಾಲಿಗೆ ನಾನು ಕಟ್ಟಿದ ಬಟ್ಟೆ ಕೆಂಪಾಗಿತ್ತು. ಅವಳು ಅದನ್ನು ನೋಡಿದಳು.

“ಸರದಿ ನಿಂದು ಅಪ್ಪಾ. ಹತ್ತು.”

“ಬ್ಯಾಡವ್ವಾ, ಇಷ್ಟು ಬಂದೀನಿ...”

“ಹತ್ತು ಅಂದೆ.”

ಜಿಗಿದು ಹತ್ತುವ ಸವಾರ ಅಂದು ನನ್ನ ಹೆಗಲು ಹಿಡಿದು, ಮಗಳ ಕೈ ಮೇಲೆ ಕಾಲಿಟ್ಟು ಹತ್ತಿದರು. ನಾನು ಕುದುರೆಯ ಹಿಂದೆಯೇ ನಿಂತಿದ್ದೆ ಎಂಬುದು ಆಮೇಲೆ ನನಗೆ ಹೊಳೆಯಿತು. ಅವಳು ಲಗಾಮು ಹಿಡಿದು ಮುಂದೆ ನಡೆದಳು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

ಊರ ಅಗಸಿಬಾಗಿಲ ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ಒಬ್ಬ ಮುದುಕಿ ಹಣೆಗೆ ಕೈ ಹಚ್ಚಿ ನೋಡಿ, “ಯಾರು, ಸಣ್ಣಾಕಿಯೇನು? ಪಂಚಮಿಗಿ ಅಪ್ಪ ಕರಕೊಂಡು ಬಂದನೇನವ್ವಾ?” ಎಂದು ಕೇಳಿದಳು.

ಕಾಕಾ ಮೇಲಿನಿಂದ ಬಾಯಿ ತೆರೆದರು. ಆಮೇಲೆ ಮಗಳ ಕಡೆ ನೋಡಿ ಸುಮ್ಮನಾದರು.

“ಇಲ್ಲ ಆಯಿ,” ಅವಳು ನಿಲ್ಲದೆ ಹೇಳಿದಳು. “ನಾನೇ ನಮ್ಮಪ್ಪಗ ಮನಿಗಿ ಕರಕೊಂಡು ಬಂದೀನಿ.”